ದಿನವೂ ತೊಡುವ ಮುತ್ತು ಮಂಕಾಗುವುದೇಕೆ, ಉಳಿಸಿಕೊಳ್ಳುವುದು ಹೇಗೆ

ಹಲವು ದಶಕ ತೊಟ್ಟ ಮುತ್ತಿನ ಸರವನ್ನು ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಒಂದು ವಿಚಿತ್ರ ಕಾಣುತ್ತದೆ. ಸರದ ಕೆಲವು ಮುತ್ತುಗಳು ಈಗ ಗುಂಡಗಿಲ್ಲ. ನಡುಭಾಗ ಸವೆದು ಪುಟ್ಟ ಪೀಪಾಯಿಯ ಆಕಾರಕ್ಕೆ ಬಂದಿವೆ. ಅಕ್ಕಪಕ್ಕದ ಮುತ್ತು ಮರೆ ಮಾಡಿದ್ದರಿಂದ ತೂತಿನ ಸುತ್ತಲಿನ ಭಾಗ ಮೊದಲಿನಂತೆಯೇ ಉಳಿದಿದೆ, ಚರ್ಮಕ್ಕೆ ತಾಗುತ್ತಿದ್ದ ಸುತ್ತಳತೆ ಮಾತ್ರ ಕರಗಿದೆ. ಅದನ್ನು ಯಾರೂ ಉಜ್ಜಿಲ್ಲ, ಬೀಳಿಸಿಲ್ಲ. ವರ್ಷಗಟ್ಟಲೆ ಒರೆಸದೆ ಬಿಟ್ಟ ಬೆವರು ಮಾಡಿದ ಕೆಲಸ ಅದು.

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎನ್ನುತ್ತದೆ ಗಾದೆ. ನಿಜ ಹೇಳಬೇಕೆಂದರೆ ಮುತ್ತು ಒಡೆಯುವುದು ಅಪರೂಪ. ಕೈಜಾರಿ ನೆಲಕ್ಕೆ ಬಿದ್ದರೆ ಬಹುತೇಕ ಏನೂ ಆಗದೆ ಪುಟಿದು ಉರುಳಿ ಹೋಗುತ್ತದೆ. ಅದು ಹಾಳಾಗುವ ಬಗೆ ಬೇರೆ: ದಿನಕ್ಕೆ ಇಷ್ಟಿಷ್ಟೇ, ಕಣ್ಣಿಗೆ ಕಾಣದ ಹಾಗೆ. ಕಾಣುವಷ್ಟು ಆದಾಗ ಹಿಂದಕ್ಕೆ ತರುವ ದಾರಿ ಇರುವುದಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ ಮಾಡುವ ದೊಡ್ಡ ಶುದ್ಧೀಕರಣಕ್ಕಿಂತ ದಿನವೂ ಕಳಚಿದ ಕೂಡಲೇ ಅರ್ಧ ನಿಮಿಷ ಒರೆಸುವ ಅಭ್ಯಾಸವೇ ಮುತ್ತಿನ ಆಯುಸ್ಸನ್ನು ನಿರ್ಧರಿಸುತ್ತದೆ. ಅದು ಯಾಕೆ ಎಂಬುದು ಮುತ್ತಿನ ಒಳಗೆ ಏನಿದೆ ಎಂದು ತಿಳಿದರೆ ತಾನಾಗಿ ಅರ್ಥವಾಗುತ್ತದೆ.

ಸುಣ್ಣ, ಅಂಟು ಮತ್ತು ಒಂದಿಷ್ಟು ನೀರು

ವಜ್ರ, ಮಾಣಿಕ್ಯ, ನೀಲ ಇವೆಲ್ಲ ನೆಲದೊಳಗೆ ಹುಟ್ಟಿದ ಕಲ್ಲುಗಳು. ಮುತ್ತು ಬೆಳೆದದ್ದು ಜೀವಿಯ ಮೈಯೊಳಗೆ. ಚಿಪ್ಪಿನೊಳಗಿನ ಪ್ರಾಣಿ ಸ್ರವಿಸುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅರಗೊನೈಟ್ ಎಂಬ ಹರಳಿನ ರೂಪದಲ್ಲಿ ತೆಳುವಾದ ಬಿಲ್ಲೆಗಳಾಗಿ ಒಂದರ ಮೇಲೊಂದು ಕೂರುತ್ತದೆ. ಒಂದು ಬಿಲ್ಲೆಯ ದಪ್ಪ ಸುಮಾರು ಅರ್ಧ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್). ಅರ್ಧ ಮಿಲಿಮೀಟರ್ ದಪ್ಪದ ಹೊದಿಕೆ ಆಗಬೇಕಾದರೆ ಹೆಚ್ಚುಕಡಿಮೆ ಸಾವಿರ ಪದರ ಬೇಕು. ಇಟ್ಟಿಗೆಗಳ ನಡುವಿನ ಗಾರೆಯಂತೆ ಈ ಬಿಲ್ಲೆಗಳನ್ನು ಹಿಡಿದಿಟ್ಟಿರುವುದು ಕಾಂಕಿಯೋಲಿನ್ ಎಂಬ ಪ್ರೋಟೀನ್. ತೂಕದ ಲೆಕ್ಕದಲ್ಲಿ ಅರಗೊನೈಟ್ ಶೇ. 82ರಿಂದ 86, ಕಾಂಕಿಯೋಲಿನ್ ಶೇ. 10ರಿಂದ 14, ನೀರು ಶೇ. 2ರಿಂದ 4.

ಈ ಮೂರಕ್ಕೂ ಬೇರೆ ಬೇರೆ ಶತ್ರುಗಳಿವೆ. ಸುಣ್ಣಕ್ಕೆ ಹುಳಿ ಆಗದು. ನಿಂಬೆರಸ, ವಿನೆಗರ್‌ನಂಥ ಆಮ್ಲ ತಾಗಿದರೆ ಸುಣ್ಣದ ಕಲ್ಲು ನೊರೆ ಬಂದು ಕರಗುವ ಹಾಗೆಯೇ ಮುತ್ತೂ ಕರಗುತ್ತದೆ, ನಿಧಾನವಾಗಿ ಅಷ್ಟೇ. ಪ್ರೋಟೀನಿಗೆ ಬಿಸಿ, ಕ್ಲೋರಿನ್, ಬ್ಲೀಚ್, ಗಾಢ ಕ್ಷಾರ ಆಗದು. ಬಿಸಿಗೆ ಅದು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಒಳಗಿನ ನೀರಿಗೆ ಅತಿಯಾದ ಒಣ ಗಾಳಿ ಆಗದು. ನೀರು ಆರಿಹೋದರೆ ಪದರ ಕುಗ್ಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಮನುಷ್ಯನ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಸಾಮಾನ್ಯವಾಗಿ ಪಿಎಚ್ 5ರ ಆಸುಪಾಸು. ಬೆವರಿನ ಆಮ್ಲೀಯತೆ ಒಬ್ಬರಿಂದ ಒಬ್ಬರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಒಂದೇ ದಿನ ಕೊಂಡ ಎರಡು ಸರಗಳಲ್ಲಿ ಒಬ್ಬರದ್ದು ಐದು ವರ್ಷಕ್ಕೆ ಮಂಕಾಗಿ ಇನ್ನೊಬ್ಬರದ್ದು ಹಾಗೇ ಇರುವುದಕ್ಕೆ ಇದೂ ಒಂದು ಕಾರಣ. ಮುತ್ತಿನ ಗುಣಮಟ್ಟವನ್ನು ದೂರುವ ಮೊದಲು ಇದನ್ನು ನೆನಪಿಡಬೇಕು.

ಮಂಕಾಗುವುದು ಎಂದರೆ ನಿಜಕ್ಕೂ ಏನಾಗುವುದು? ಮುತ್ತಿನ ಹೊಳಪಿಗೆ ಎರಡು ಮೂಲ. ನುಣುಪಾದ ಮೇಲ್ಮೈ ಕನ್ನಡಿಯಂತೆ ಬೆಳಕನ್ನು ನೇರ ಹಿಂದಿರುಗಿಸುತ್ತದೆ. ಕೆಳಗಿನ ಪದರಗಳಿಂದ ಮರಳುವ ಬೆಳಕು ಅದರೊಂದಿಗೆ ಬೆರೆತು ಗುಲಾಬಿ, ಹಸಿರು, ಬೆಳ್ಳಿಯ ಛಾಯೆ ಕೊಡುತ್ತದೆ. ಆಮ್ಲ ಮೇಲಿನ ಬಿಲ್ಲೆಗಳ ಅಂಚನ್ನು ಒಂದಿಷ್ಟು ತಿಂದರೂ ಸಾಕು, ಮೇಲ್ಮೈ ತರಿತರಿಯಾಗಿ ಬೆಳಕು ಚದುರಿಹೋಗುತ್ತದೆ. ಮುತ್ತಿನ ಗಾತ್ರದಲ್ಲಿ ಏನೂ ವ್ಯತ್ಯಾಸ ಕಾಣದೇ ಇರುವಾಗಲೇ ಹೊಳಪು ಹೋಗಿ, ಬಳಪದಂಥ ಬಿಳಿ ಉಳಿಯುವುದು ಇದಕ್ಕೇ.

ಇನ್ನು ಗೀರು. ಮೋಸ್ ಗಡಸುತನದ ಮಾಪಕದಲ್ಲಿ ಮುತ್ತಿಗೆ 2.5ರಿಂದ 4.5. ನಮ್ಮ ಉಗುರು 2.5ರ ಹತ್ತಿರ, ವಜ್ರ 10. ಮನೆಯ ಧೂಳಿನಲ್ಲಿರುವ ಮರಳಿನ ಕಣ, ಅಂದರೆ ಸ್ಫಟಿಕ, 7. ಒಣ ಬಟ್ಟೆಯಿಂದ ಧೂಳು ಕೂತ ಮುತ್ತನ್ನು ಒತ್ತಿ ಒರೆಸಿದರೆ ಮರಳು ಕಾಗದದಿಂದ ತಿಕ್ಕಿದಂತೆಯೇ. ಆದರೆ ಬಿಲ್ಲೆ ಮತ್ತು ಅಂಟಿನ ಜೋಡಣೆಯಿಂದಾಗಿ ಮುತ್ತು ಬರಿಯ ಅರಗೊನೈಟ್ ಹರಳಿಗಿಂತ ಎಷ್ಟೋ ಪಟ್ಟು ಗಟ್ಟಿಮುಟ್ಟು. ಬಿರುಕು ಹೊರಟರೂ ಅಂಟಿನ ಪದರಗಳಲ್ಲಿ ದಿಕ್ಕು ತಪ್ಪಿ ನಿಂತುಬಿಡುತ್ತದೆ. ಬಿದ್ದರೆ ಒಡೆಯದು, ತಿಕ್ಕಿದರೆ ಸವೆಯುತ್ತದೆ ಎಂಬ ವಿರೋಧಾಭಾಸ ಹುಟ್ಟಿದ್ದು ಇಲ್ಲಿಂದ.

ನಿಮ್ಮ ಬಳಿ ಇರುವುದು ಯಾವ ಮುತ್ತು

ಇಂದು ಮಾರಾಟವಾಗುವ ಮುತ್ತುಗಳಲ್ಲಿ ಬಹುಪಾಲು ಬೆಳೆಸಿದವು. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಚಿಪ್ಪಿನೊಳಗೆ ಅರೆಗೋಳದ ಮುತ್ತು ಬೆಳೆಸಿ ತೋರಿಸಿದ ಮೇಲೆ ಈ ಉದ್ಯಮ ಬೆಳೆಯಿತು. ಬೆಳೆಸಿದ ಮುತ್ತು ನಕಲಿಯಲ್ಲ. ಹೊರ ಹೊದಿಕೆ ಅದೇ ಅರಗೊನೈಟ್, ಅದೇ ಕಾಂಕಿಯೋಲಿನ್. ದಿನಬಳಕೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಒಂದೇ: ಹೊದಿಕೆ ಎಷ್ಟು ದಪ್ಪ?

ಅಕೋಯಾ ಎಂಬ ಸಮುದ್ರದ ಚಿಪ್ಪಿಯಲ್ಲಿ ಬೆಳೆಸುವ ಮುತ್ತಿನೊಳಗೆ ಚಿಪ್ಪಿನಿಂದ ಕೊರೆದ ಗುಂಡು ಇರುತ್ತದೆ. ಅದರ ಮೇಲಿನ ಹೊದಿಕೆ ಅರ್ಧ ಮಿಲಿಮೀಟರಿನ ಆಸುಪಾಸು, ಅವಸರದಲ್ಲಿ ತೆಗೆದ ಅಗ್ಗದ ಮಾಲಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಕನ್ನಡಿಯಂಥ ಹೊಳಪು ಇದರ ಹೆಚ್ಚುಗಾರಿಕೆ, ತೆಳು ಹೊದಿಕೆ ಇದರ ದೌರ್ಬಲ್ಯ. ದಕ್ಷಿಣ ಸಮುದ್ರದ ದೊಡ್ಡ ಬಿಳಿ ಮತ್ತು ಬಂಗಾರದ ಬಣ್ಣದ ಮುತ್ತುಗಳಲ್ಲೂ, ತಾಹಿತಿಯ ಕಪ್ಪು ಮುತ್ತುಗಳಲ್ಲೂ ಒಳಗೆ ಗುಂಡಿದ್ದರೂ ಹೊದಿಕೆ ಇದಕ್ಕಿಂತ ದಪ್ಪ. ಸಿಹಿನೀರಿನ ಮುತ್ತಿನ ಕತೆಯೇ ಬೇರೆ. ಅವುಗಳಲ್ಲಿ ಹೆಚ್ಚಿನವನ್ನು ಗುಂಡಿಲ್ಲದೆ, ಅಂಗಾಂಶದ ತುಣುಕೊಂದನ್ನೇ ಇಟ್ಟು ಬೆಳೆಸುವುದರಿಂದ ಹೊರಗಿನಿಂದ ನಡುವಿನ ತನಕ ಬಹುಪಾಲು ಮುತ್ತಿನ ಪದರವೇ ಇರುತ್ತದೆ. ದಿನವೂ ತೊಡಲು ಒಂದೇ ಸರ ಕೊಳ್ಳುವುದಾದರೆ 6ರಿಂದ 7 ಮಿ.ಮೀ.ನ ಒಳ್ಳೆಯ ಸಿಹಿನೀರಿನ ಮುತ್ತೇ ನಮ್ಮ ಆಯ್ಕೆ. ಅಕೋಯಾದಷ್ಟು ಚೂಪಾದ ಹೊಳಪು ಸಿಗದಿದ್ದರೂ ಸವೆತ ತಾಳುವ ಶಕ್ತಿ ಹೆಚ್ಚು.

ಹೊದಿಕೆ ತೆಳುವೋ ದಪ್ಪವೋ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಬಿಳಿ ಬಟ್ಟೆಯ ಮೇಲೆ ಸರವನ್ನು ಹರಡಿ ಮೇಲಿಂದ ಬೆಳಕು ಬೀಳುವಂತೆ ಮಾಡಿ ನಿಧಾನವಾಗಿ ಉರುಳಿಸಿ. ಉರುಳಿದಂತೆ ಮುತ್ತು ಒಮ್ಮೆ ಹೊಳೆದು ಒಮ್ಮೆ ಕಪ್ಪಾಗಿ ಕಣ್ಣು ಮಿಟುಕಿಸಿದ ಹಾಗೆ ಕಂಡರೆ ಒಳಗಿನ ಗುಂಡಿನ ಪಟ್ಟೆಗಳು ಹೊರಗೆ ಇಣುಕುತ್ತಿವೆ ಎಂದರ್ಥ. ಇಂಥ ಸರವನ್ನು ದಿನವೂ ತೊಡದೆ ಅಪರೂಪಕ್ಕೆ ಮೀಸಲಿಡುವುದು ಒಳ್ಳೆಯದು. ಇನ್ನೊಂದು ದಾರಿ ಹತ್ತು ಪಟ್ಟು ಹಿಗ್ಗಿಸುವ ಭೂತಕನ್ನಡಿಯಲ್ಲಿ ತೂತಿನ ಬಾಯಿ ನೋಡುವುದು. ಹೊದಿಕೆ ಮತ್ತು ಗುಂಡು ಕೂಡುವ ಗೆರೆ ಅಲ್ಲಿ ಕಾಣಬಹುದು. ನಕಲಿ ಮುತ್ತಾದರೆ ತೂತಿನ ಅಂಚಿನಲ್ಲಿ ಬಣ್ಣದ ಲೇಪ ಸಿಪ್ಪೆ ಎದ್ದಂತೆ ಕಾಣುತ್ತದೆ, ಕೆಳಗೆ ಗಾಜೋ ಪ್ಲಾಸ್ಟಿಕ್ಕೋ ಇಣುಕುತ್ತದೆ.

ಹಲ್ಲಿಗೆ ಉಜ್ಜಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು: ಅಸಲಿ ಮುತ್ತು ತರಿ ಎನಿಸುತ್ತದೆ, ಲೇಪದ ಮುತ್ತು ಜಾರುತ್ತದೆ. ಪರೀಕ್ಷೆ ಸುಳ್ಳಲ್ಲ, ಆದರೆ ಹಲ್ಲಿನ ಎನಾಮಲ್ ಮುತ್ತಿಗಿಂತ ಗಡಸು, ಮೋಸ್ ಮಾಪಕದಲ್ಲಿ 5. ಹಾಗಾಗಿ ಪ್ರತಿ ಪರೀಕ್ಷೆಯೂ ಒಂದು ಗೀರು. ಎರಡು ಮುತ್ತನ್ನು ಒಂದಕ್ಕೊಂದು ಒಂದೇ ಸಲ ಮೆಲ್ಲಗೆ ಸವರಿದರೂ ಅದೇ ತರಿ ತಿಳಿಯುತ್ತದೆ, ಹಾನಿ ಕಡಿಮೆ. ಒಂದು ವಿಷಯ: ನಕಲಿ ಎಂದು ತಿಳಿದ ಮಾತ್ರಕ್ಕೆ ಆರೈಕೆ ಬಿಡಬೇಕಿಲ್ಲ. ಅದರ ಲೇಪ ಸುಗಂಧದ್ರವ್ಯ ಮತ್ತು ಸ್ಯಾನಿಟೈಜರ್‌ನ ಮದ್ಯಸಾರಕ್ಕೆ ಅಸಲಿ ಮುತ್ತಿಗಿಂತ ಬೇಗ ಸೋಲುತ್ತದೆ.

ಕೊನೆಗೆ ತೊಡಿ, ಮೊದಲು ಕಳಚಿ

ಸ್ನಾನ, ಕ್ರೀಮು, ಬಿಸಿಲಿನ ಲೇಪ, ಪೌಡರು, ಕೂದಲಿನ ಎಣ್ಣೆ, ಹೇರ್ ಸ್ಪ್ರೇ, ಸುಗಂಧ, ಬಟ್ಟೆ ಎಲ್ಲ ಮುಗಿದ ಮೇಲೆ ಕೊನೆಯದಾಗಿ ಮುತ್ತು. ಸುಗಂಧ ಸಿಂಪಡಿಸಿದ ಮೇಲೆ ಕನಿಷ್ಠ 15 ನಿಮಿಷ ಬಿಡಿ, ಕ್ರೀಮು ಚರ್ಮಕ್ಕೆ ಪೂರ್ತಿ ಇಳಿದು ಬೆರಳಿಗೆ ಅಂಟದಷ್ಟು ಆರಲಿ. ಸುಗಂಧವನ್ನು ಕೊರಳಿಗೆ ಹಾಕಲೇಬೇಕೆಂದಿಲ್ಲ, ಸರ ತಾಗದ ಜಾಗಕ್ಕೆ ಹಾಕಿದರೆ ಕಾಯುವ ತಾಪತ್ರಯವೂ ಇಲ್ಲ. ಹೇರ್ ಸ್ಪ್ರೇಯ ಹಾನಿ ಇನ್ನೊಂದು ಬಗೆಯದು: ಅದರೊಳಗಿನ ಅಂಟು ರಾಳ ಮುತ್ತಿನ ಮೇಲೆ ತೆಳು ಪೊರೆಯಾಗಿ ಕೂತು ಧೂಳನ್ನು ಹಿಡಿಯುತ್ತದೆ. ಕೂದಲಿಗೆ ಬಣ್ಣ ಹಾಕುವ ದಿನ ಓಲೆಯನ್ನೂ ಕಳಚಿಡಬೇಕು. ಬಣ್ಣದಲ್ಲಿರುವ ಅಮೋನಿಯಾ ಮತ್ತು ಪೆರಾಕ್ಸೈಡ್ ಎರಡೂ ಮುತ್ತಿಗೆ ವಿಷ.

ಮನೆಗೆ ಬಂದ ಕೂಡಲೇ ಮೊದಲು ಕಳಚುವುದೂ ಮುತ್ತನ್ನೇ. ಅಡುಗೆ, ಪಾತ್ರೆ, ಬಟ್ಟೆ ಒಗೆತ, ವ್ಯಾಯಾಮ, ಸ್ನಾನ, ಈಜು, ನಿದ್ದೆ ಇವು ಯಾವುದರಲ್ಲೂ ಮುತ್ತು ಮೈಮೇಲೆ ಇರಬಾರದು. ಅಡುಗೆಮನೆಯಲ್ಲಿ ಹಬೆ, ಹುಳಿ, ಎಣ್ಣೆ ಮೂರೂ ಒಟ್ಟಿಗೆ ಇರುತ್ತವೆ. ಈಜುಕೊಳದ ಕ್ಲೋರಿನ್ ಪ್ರೋಟೀನನ್ನೂ ದಾರವನ್ನೂ ತಿನ್ನುತ್ತದೆ. ಸಮುದ್ರದಲ್ಲಿ ಹುಟ್ಟಿದ ಮುತ್ತಿಗೆ ಸಮುದ್ರದ ನೀರು ಏನು ಮಾಡೀತು ಎಂದು ಕೇಳುವವರಿದ್ದಾರೆ. ಮುತ್ತಿಗೆ ಹೆಚ್ಚೇನೂ ಮಾಡದಿರಬಹುದು, ಆದರೆ ಉಪ್ಪು ದಾರದೊಳಗೆ ಒಣಗಿ ಹರಳುಗಟ್ಟಿ ಎಳೆಗಳನ್ನು ಕತ್ತರಿಸುತ್ತದೆ, ಮರಳು ತೂತಿನೊಳಗೆ ಸೇರಿ ಅರದಂತೆ ಕೆಲಸ ಮಾಡುತ್ತದೆ.

ಸರದ ಜೊತೆಗೆ ಅದೇ ಉದ್ದದ ಚಿನ್ನದ ಚೈನು ತೊಡುವ ರೂಢಿ ಹಲವರಿಗಿದೆ. ಚೈನಿನ ಕೊಂಡಿಗಳು ದಿನವಿಡೀ ಮುತ್ತಿಗೆ ತಿಕ್ಕುತ್ತವೆ. ಎರಡೂ ಬೇಕೇ ಬೇಕು ಎಂದರೆ ಒಂದಕ್ಕಿಂತ ಇನ್ನೊಂದು ಕನಿಷ್ಠ 5 ಸೆಂ.ಮೀ. ಕೆಳಗೆ ಬರುವ ಹಾಗೆ ಉದ್ದ ನೋಡಿಕೊಳ್ಳಿ. ಜರಿ, ಮಿಣುಕು ಬಿಲ್ಲೆಗಳಿರುವ ಕೊರಳಪಟ್ಟಿಯ ಮೇಲೂ ಮುತ್ತು ಕೂರಬಾರದು.

ಅರ್ಧ ನಿಮಿಷದ ಕೆಲಸ

ಬೇಕಾಗಿರುವುದು ಒಂದು ಅಂಗೈ ಅಗಲದ ಮೆತ್ತನೆಯ, ಹಲವು ಸಲ ಒಗೆದ ಹತ್ತಿ ಬಟ್ಟೆ, ಅಥವಾ ಕನ್ನಡಕ ಒರೆಸುವಂಥ ಬಟ್ಟೆ. ಅದನ್ನು ಮುತ್ತಿಗೆಂದೇ ಇಟ್ಟುಕೊಳ್ಳಿ. ಬೆಳ್ಳಿ ಒರೆಸುವ ಬಟ್ಟೆ ಬೇಡ. ಅದರಲ್ಲಿ ಲೋಹ ತಿಕ್ಕುವ ಪುಡಿ ಮತ್ತು ರಾಸಾಯನಿಕ ಸೇರಿಸಿರುತ್ತಾರೆ. ಬಟ್ಟೆಯ ಒಂದು ಮೂಲೆಯನ್ನು ಶುದ್ಧ ನೀರಿನಲ್ಲಿ ತೋಯಿಸಿ ಗಟ್ಟಿಯಾಗಿ ಹಿಂಡಿ. ತೊಟ್ಟಿಕ್ಕಬಾರದು, ತಂಪು ತಾಗಿದರೆ ಸಾಕು. ಸರವನ್ನು ಅಂಗೈಯಲ್ಲಿ ಹಿಡಿದು, ಒದ್ದೆ ಮೂಲೆಯಲ್ಲಿ ಎರಡು ಮೂರು ಮುತ್ತನ್ನು ಒಟ್ಟಿಗೆ ಸುತ್ತಿ ಮೆಲ್ಲಗೆ ಹೊರಳಿಸುತ್ತಾ ಕೊಂಡಿಯಿಂದ ಕೊಂಡಿಯ ತನಕ ಹೋಗಿ. ಕತ್ತಿನ ಹಿಂಭಾಗದ ಮುತ್ತುಗಳಿಗೆ ಎರಡು ಪಟ್ಟು ಗಮನ ಕೊಡಿ, ಬೆವರು, ಕೂದಲಿನ ಎಣ್ಣೆ ಕೂರುವುದು ಅಲ್ಲೇ. ಆಮೇಲೆ ಒಣ ಮೂಲೆಯಿಂದ ಇನ್ನೊಂದು ಸುತ್ತು. ಒದ್ದೆ ಮೊದಲು, ಒಣ ಆಮೇಲೆ ಎಂಬ ಕ್ರಮಕ್ಕೆ ಕಾರಣವಿದೆ: ಒದ್ದೆ ಬಟ್ಟೆ ಧೂಳಿನ ಕಣವನ್ನು ಎತ್ತಿಕೊಳ್ಳುತ್ತದೆ, ಒಣ ಬಟ್ಟೆ ಅದನ್ನೇ ಎಳೆದಾಡಿ ಗೀರು ಹಾಕುತ್ತದೆ. ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯಿರಿ. ಬಟ್ಟೆ ಮೃದುಗೊಳಿಸುವ ದ್ರಾವಣ ಹಾಕಬೇಡಿ, ಅದು ಪೊರೆ ಬಿಡುತ್ತದೆ.

ಮುತ್ತನ್ನು ತೊಟ್ಟಷ್ಟೂ ಹೊಳಪು ಹೆಚ್ಚುತ್ತದೆ, ಮೈಯ ಜಿಡ್ಡು ಅದಕ್ಕೆ ಪೋಷಣೆ ಎಂಬ ನಂಬಿಕೆ ಬಹಳ ಹಳೆಯದು. ಅರ್ಧ ಮಾತ್ರ ನಿಜ. ತೊಡುವ ಮುತ್ತು ಗಾಳಿಯ ತೇವದಲ್ಲಿ ಓಡಾಡುತ್ತದೆ, ಒಣಗಿದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿರುವುದಿಲ್ಲ. ಅದು ಒಳ್ಳೆಯದೇ. ಆದರೆ ಮುತ್ತಿಗೆ ಜೀವವಿಲ್ಲ, ಜಿಡ್ಡನ್ನು ಅದು ಉಣ್ಣುವುದಿಲ್ಲ. ಒರೆಸದೆ ತೊಟ್ಟರೆ ಆಗುವ ನಷ್ಟ ತೊಡದೇ ಇಟ್ಟದ್ದಕ್ಕಿಂತ ದೊಡ್ಡದು. ಹೊಳಪು ಬರಲೆಂದು ಎಣ್ಣೆ ಸವರುವುದೂ ಇದೇ ಸಾಲಿನದು. ಒಂದು ದಿನ ಮಿನುಗಿ, ಮರುದಿನದಿಂದ ಧೂಳು ಹಿಡಿದು, ಕ್ರಮೇಣ ದಾರಕ್ಕಿಳಿದು ಹಳಸುತ್ತದೆ.

ತೊಳೆಯಲೇಬೇಕಾದಾಗ

ದಿನವೂ ಒರೆಸುವವರಿಗೆ ಎರಡು ಮೂರು ತಿಂಗಳಿಗೊಮ್ಮೆ ತೊಳೆದರೆ ಸಾಕು. ಒಂದು ಲೋಟ, ಅಂದರೆ ಕಾಲು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಮಕ್ಕಳ ಶಾಂಪೂ ಹಾಕಿ. ಸಾಮಾನ್ಯ ಸಾಬೂನಿಗಿಂತ ಇದು ವಾಸಿ. ಸಾಬೂನು ಕ್ಷಾರೀಯ, ಮೇಲಾಗಿ ಗಡಸು ನೀರಿನೊಂದಿಗೆ ಸೇರಿ ಬಿಳಿ ಗಸಿಯಾಗಿ ತೂತುಗಳ ಬಾಯಲ್ಲಿ ಕೂರುತ್ತದೆ. ಸರವನ್ನು ನೀರಿನೊಳಗೆ ಮುಳುಗಿಸಬೇಡಿ. ಬಟ್ಟೆಯನ್ನು ಅದ್ದಿ ಹಿಂಡಿ, ಒಂದೊಂದೇ ಮುತ್ತು ಒರೆಸಿ. ಗಂಟುಗಳ ಸುತ್ತ ಕೊಳೆಯಿದ್ದರೆ ಮೆತ್ತನೆಯ ಬಣ್ಣದ ಕುಂಚದ ತುದಿ ಸಾಕು, ಹಲ್ಲುಜ್ಜುವ ಬ್ರಷ್ ಬೇಡ. ಎರಡನೆಯ ಬಟ್ಟೆಯನ್ನು ಬರಿ ನೀರಿನಲ್ಲಿ ಅದ್ದಿ ಹಿಂಡಿ ಶಾಂಪೂ ತೆಗೆಯಿರಿ. ಕೊನೆಗೆ ಒಣ ಬಟ್ಟೆಯ ಮೇಲೆ ನೇರವಾಗಿ ಹರಡಿ ಒಂದು ಇಡೀ ದಿನ ನೆರಳಿನಲ್ಲಿ ಬಿಡಿ.

ಈ 24 ಗಂಟೆಯ ವಿಷಯದಲ್ಲಿ ಅವಸರ ಮಾಡುವವರೇ ಹೆಚ್ಚು. ಮುತ್ತು ಕ್ಷಣದಲ್ಲಿ ಆರುತ್ತದೆ, ತೂತಿನೊಳಗಿನ ರೇಷ್ಮೆ ದಾರ ಆರುವುದಿಲ್ಲ. ಒದ್ದೆ ರೇಷ್ಮೆ ಹಿಗ್ಗುತ್ತದೆ. ಆ ಸ್ಥಿತಿಯಲ್ಲಿ ಸರವನ್ನು ತೊಟ್ಟರೆ ಅಥವಾ ಮೊಳೆಗೆ ತೂಗುಹಾಕಿದರೆ ಮುತ್ತುಗಳ ಭಾರಕ್ಕೆ ದಾರ ಉದ್ದವಾಗಿ ಹಾಗೇ ಉಳಿಯುತ್ತದೆ. ಬೇಗ ಆರಲೆಂದು ಹೇರ್ ಡ್ರೈಯರ್ ಹಿಡಿಯುವುದು ಇನ್ನೂ ಕೆಟ್ಟದ್ದು.

ಅಡುಗೆ ಸೋಡಾ, ಉಪ್ಪು, ಟೂತ್‌ಪೇಸ್ಟ್ ಇವೆಲ್ಲ ತಿಕ್ಕುವ ಪುಡಿಗಳು. ವಿನೆಗರ್, ನಿಂಬೆರಸ ಎರಡೂ ಆಮ್ಲ. ಇವು ಯಾವುವೂ ಮುತ್ತಿಗೆ ಬೇಡ. ಬೆಳ್ಳಿ ಅದ್ದಿ ತೊಳೆಯುವ ದ್ರಾವಣಗಳಲ್ಲೂ ಆಮ್ಲ ಇರುವುದು ಸಾಮಾನ್ಯ. ಚಿನ್ನಕ್ಕೆ, ವಜ್ರಕ್ಕೆ ಬಳಸುವ, ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಯಂತ್ರ ಮುತ್ತಿನ ಹಳೆಯ ಬಿರುಕುಗಳನ್ನು ಬಿಡಿಸುತ್ತದೆ, ಅಂಟನ್ನು ಸಡಿಲಿಸುತ್ತದೆ. ಹಬೆಯ ಯಂತ್ರವೂ ಅಷ್ಟೇ. ಒಡವೆಯನ್ನು ಅಂಗಡಿಗೆ ಶುಚಿ ಮಾಡಲು ಕೊಡುವಾಗ ‘ಇದರಲ್ಲಿ ಮುತ್ತಿದೆ, ಯಂತ್ರಕ್ಕೆ ಹಾಕಬೇಡಿ’ ಎಂದು ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ. ಸರದ ಬೆಳ್ಳಿ ಕೊಂಡಿ ಕಪ್ಪಾಗಿದ್ದರೆ ಮುತ್ತುಗಳನ್ನು ಬಟ್ಟೆಯಲ್ಲಿ ಸುತ್ತಿ ಮರೆ ಮಾಡಿ, ಕೊಂಡಿಯನ್ನು ಮಾತ್ರ ಒಣ ಬಟ್ಟೆಯಿಂದ ತಿಕ್ಕಿ.

ದಾರ: ಸರದ ನಿಜವಾದ ಆಯುಸ್ಸು

ಸರ ಕಡಿಯುವುದು ದಾರದಿಂದ, ಮುತ್ತಿನಿಂದ ಅಲ್ಲ. ಒಳ್ಳೆಯ ಸರದಲ್ಲಿ ಪ್ರತಿ ಎರಡು ಮುತ್ತಿನ ನಡುವೆ ಒಂದು ಗಂಟಿರುತ್ತದೆ. ಕಡಿದರೆ ಒಂದೇ ಮುತ್ತು ಬೀಳಲಿ ಎಂಬುದು ಒಂದು ಉದ್ದೇಶ. ಒಂದು ಮುತ್ತು ಇನ್ನೊಂದಕ್ಕೆ ತಿಕ್ಕದಿರಲಿ ಎಂಬುದು ಇನ್ನೊಂದು, ನಮ್ಮ ಮಟ್ಟಿಗೆ ಇದೇ ದೊಡ್ಡದು. ಗಂಟಿಲ್ಲದ ಸರದಲ್ಲಿ ತೂತಿನ ಸುತ್ತಲಿನ ಹೊದಿಕೆ ಪಕ್ಕದ ಮುತ್ತಿಗೆ ತಿಕ್ಕಿ ತಿಕ್ಕಿ ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಜಾಗದಿಂದ ಬೆವರು ಪದರಗಳ ನಡುವೆ ನುಗ್ಗುತ್ತದೆ.

ದಾರ ಬದಲಿಸುವ ಕಾಲ ಬಂತೇ ಎಂದು ತಿಳಿಯಲು ಕ್ಯಾಲೆಂಡರ್ ಒಂದೇ ಸಾಲದು. ದಿನವೂ ತೊಡುವ ಸರಕ್ಕೆ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಹೊಸ ದಾರ ಎಂಬುದು ಸಾಮಾನ್ಯ ಲೆಕ್ಕ. ಅದರ ಜೊತೆ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ. ಕೊಂಡಿಯ ಎರಡೂ ತುದಿ ಹಿಡಿದು ಸರವನ್ನು ಮೆಲ್ಲಗೆ ನೇರ ಮಾಡಿ. ಮುತ್ತಿಗೂ ಗಂಟಿಗೂ ನಡುವೆ ದಾರ ಕಾಣುತ್ತಿದೆಯೇ? ಮುತ್ತು ಅತ್ತಿತ್ತ ಜಾರುತ್ತದೆಯೇ? ಹಾಗಿದ್ದರೆ ದಾರ ಹಿಗ್ಗಿದೆ. ಗಂಟುಗಳು ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿವೆಯೇ? ಕೊಳೆ, ಬೆವರು ಒಳಗಿಳಿದಿದೆ. ಕೊಂಡಿಯ ಹತ್ತಿರ ಎಳೆ ಗುಂಜೆದ್ದಿದೆಯೇ? ಅಂದಿನಿಂದಲೇ ತೊಡುವುದು ನಿಲ್ಲಿಸಿ. ಸರ ಕಡಿಯುವುದು ಹೆಚ್ಚಾಗಿ ಕೊಂಡಿಯಿಂದ ಮೊದಲ ಎರಡು ಮುತ್ತುಗಳ ಒಳಗೆ, ಯಾಕೆಂದರೆ ದಾರ ಲೋಹಕ್ಕೆ ತಿಕ್ಕುವುದು ಅಲ್ಲಿ. ಫ್ರೆಂಚ್ ವೈರ್ ಎಂಬ ಕೂದಲಿನಷ್ಟು ಸಣ್ಣ ತಂತಿಯ ಸುರುಳಿಯನ್ನು ಆ ಜಾಗದಲ್ಲಿ ದಾರಕ್ಕೆ ತೊಡಿಸಿದರೆ ಲೋಹದ ಉಂಗುರಕ್ಕೆ ತಾಗುವುದು ಸುರುಳಿಯೇ ಹೊರತು ದಾರವಲ್ಲ. ಪೋಣಿಸಲು ಕೊಡುವಾಗ ಇದನ್ನು ಕೇಳಿ ಹಾಕಿಸಿ.

ರೇಷ್ಮೆಯೋ ನೈಲಾನೋ? ರೇಷ್ಮೆ ದಾರದ ಸರ ಕೊರಳಲ್ಲಿ ನೀರಿನಂತೆ ಇಳಿಯುತ್ತದೆ, ಗಂಟು ಪುಟ್ಟದಾಗಿ ಬಿಗಿಯುತ್ತದೆ. ಆದರೆ ಬೆವರು ಹೀರುತ್ತದೆ. ಹೊಸೆದ ನೈಲಾನ್ ದಾರ ಒದ್ದೆಗೆ ಅಷ್ಟಾಗಿ ಹಿಗ್ಗದು, ಗಂಟು ಕೊಂಚ ಬಿರುಸು. ಹೆಚ್ಚು ಬೆವರುವವರ ದಿನಬಳಕೆಯ ಸರಕ್ಕೆ ನೈಲಾನ್ ಹಾಕಿಸಿದರೆ ತಪ್ಪೇನಿಲ್ಲ. ಗಟ್ಟಿ ಎಂದು ಮೀನು ಹಿಡಿಯುವ ದಾರವನ್ನೋ ಲೋಹದ ತಂತಿಯನ್ನೋ ಹಾಕಿಸಬೇಡಿ, ಅದು ತೂತಿನ ಅಂಚನ್ನು ಗರಗಸದಂತೆ ಕೊಯ್ಯುತ್ತದೆ. ದಾರದ ದಪ್ಪ ತೂತನ್ನು ತುಂಬುವಷ್ಟಿರಬೇಕು. ತೂತು ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಸಿಹಿನೀರಿನ ಮುತ್ತುಗಳಲ್ಲಿ ಇನ್ನೂ ಕಿರಿದಿರಬಹುದು. ದಾರ ತೆಳುವಾದರೆ ಗಂಟು ತೂತಿನೊಳಗೇ ಜಾರಿ ಸೇರಿಕೊಳ್ಳುತ್ತದೆ, ಹಾಕಿದ್ದೂ ಒಂದೇ ಬಿಟ್ಟದ್ದೂ ಒಂದೇ. ಗಂಟಿನ ಮೇಲೆ ಸೂಪರ್ ಗ್ಲೂ ಹನಿ ಬಿಡುವ ಅಭ್ಯಾಸವೂ ಬೇಡ. ಅದು ದಾರವನ್ನು ಕಡ್ಡಿಯಂತೆ ಮಾಡಿ ಅಲ್ಲೇ ಮುರಿಯುತ್ತದೆ, ಅದರ ಆವಿ ಪಕ್ಕದ ಮುತ್ತಿನ ಮೇಲೆ ಬಿಳಿ ಮಬ್ಬು ಬಿಡುತ್ತದೆ.

ಉದ್ದದ ಲೆಕ್ಕವೊಂದು ಉಪಯೋಗಕ್ಕೆ ಬಂದೀತು. 6.5 ಮಿ.ಮೀ.ನ 60 ಮುತ್ತು ಸಾಲಾಗಿ ಇಟ್ಟರೆ 39 ಸೆಂ.ಮೀ. ಒಂದೊಂದು ಗಂಟು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಜಾಗ ತಿಂದರೆ ಒಟ್ಟು 3ರಿಂದ 4.5 ಸೆಂ.ಮೀ. ಸೇರುತ್ತದೆ. ಕೊಂಡಿಯ ಒಂದೂವರೆ ಎರಡು ಸೆಂ.ಮೀ. ಸೇರಿಸಿದರೆ ದಿನಬಳಕೆಗೆ ಹೇಳಿ ಮಾಡಿಸಿದ 45 ಸೆಂ.ಮೀ. ಸರ. ಗಂಟಿಲ್ಲದ ಹಳೆಯ ಸರಕ್ಕೆ ಗಂಟು ಹಾಕಿಸಿದರೆ ಉದ್ದ ಯಾಕೆ ಬದಲಾಯಿತು ಎಂದು ಗಾಬರಿಯಾಗುವವರಿಗೆ ಉತ್ತರವೂ ಇದರಲ್ಲೇ ಇದೆ.

ಓಲೆ, ಉಂಗುರ, ಬಳೆ

ಓಲೆಯ ಮುತ್ತಿಗೆ ತೂತು ಅರ್ಧ ಮಾತ್ರ. ಲೋಹದ ಪುಟ್ಟ ಬಟ್ಟಲಿನ ನಡುವೆ ಎದ್ದ ಕಡ್ಡಿಯನ್ನು ಆ ತೂತಿನೊಳಗೆ ಎಪಾಕ್ಸಿ ಅಂಟಿನಿಂದ ಕೂರಿಸಿರುತ್ತಾರೆ. ಕಡ್ಡಿ ಮುತ್ತಿನ ಅರ್ಧಕ್ಕಿಂತ ಆಳ ಇಳಿದಿದ್ದರೆ ಹಿಡಿತ ಭದ್ರ. ಓಲೆ ಹಾಕುವಾಗ, ತೆಗೆಯುವಾಗ ಮುತ್ತನ್ನು ಹಿಡಿದು ತಿರುಗಿಸಿದರೆ ಪ್ರತಿ ಸಲವೂ ಆ ಅಂಟನ್ನು ತಿರುಚಿದಂತೆ. ಮುಂದೆ ಬಟ್ಟಲಿನ ಲೋಹದ ಅಂಚನ್ನು ಹಿಡಿದು, ಹಿಂದಿನ ತಿರುಪನ್ನು ಮಾತ್ರ ತಿರುಗಿಸಿ. ವಾರಕ್ಕೊಮ್ಮೆ ಮುತ್ತನ್ನು ಮೆಲ್ಲಗೆ ಅಲುಗಿಸಿ ನೋಡಿ. ಅಲುಗಿದರೆ ಕಳಚಿಟ್ಟು ಅಕ್ಕಸಾಲಿಗರಿಗೆ ಕೊಡಿ. ಮನೆಯಲ್ಲೇ ಸೂಪರ್ ಗ್ಲೂ ಹಾಕಿದರೆ ಮುಂದೆ ಅದನ್ನು ಕೆರೆದು ತೆಗೆಯುವಾಗ ತೂತು ದೊಡ್ಡದಾಗುತ್ತದೆ.

ಮುತ್ತಿನ ಉಂಗುರವನ್ನು ದಿನವೂ ತೊಡುವುದನ್ನು ನಾವು ಪ್ರೋತ್ಸಾಹಿಸುವುದಿಲ್ಲ. ಕೈ ತೊಳೆಯುವ ಸಾಬೂನು, ಮದ್ಯಸಾರ ತುಂಬಿದ ಸ್ಯಾನಿಟೈಜರ್, ಬಾಗಿಲ ಹಿಡಿ, ಮೇಜಿನ ಅಂಚು ಎಲ್ಲವೂ ಮೊದಲು ತಾಗುವುದು ಬೆರಳಿಗೇ. ಆದರೂ ತೊಡುವುದಾದರೆ ಮುತ್ತಿನ ಸುತ್ತ ಲೋಹದ ಕಟ್ಟು ಎದ್ದಿರುವ, ಮುತ್ತು ತಗ್ಗಿನಲ್ಲಿ ಕೂತಿರುವ ವಿನ್ಯಾಸ ಆರಿಸಿ. ಕಂಬದ ಮೇಲೆ ಎದ್ದು ಕೂತ ಒಂಟಿ ಮುತ್ತು ಬೇಡ. ಮುತ್ತಿನ ಬಳೆಗೂ ಕೈಸರಕ್ಕೂ ಅದೇ ಮಾತು. ಅದರಲ್ಲೂ ಕೈಗಡಿಯಾರ ಕಟ್ಟುವ ಕೈಗೆ ಕೂಡದು, ಗಡಿಯಾರದ ಉಕ್ಕು ಮುತ್ತನ್ನು ಅರೆಯುತ್ತದೆ.

ಇಡುವ ಜಾಗ

ಮುತ್ತಿನ ಸರ ಮಲಗಿಯೇ ಇರಬೇಕು. ತೂಗುಹಾಕಿದರೆ ದಾರ ಎಳೆಯುತ್ತದೆ. ಮೆತ್ತನೆಯ ಬಟ್ಟೆಯ ಚೀಲದಲ್ಲಿ, ಬೇರೆ ಒಡವೆ ತಾಗದಂತೆ ಪ್ರತ್ಯೇಕವಾಗಿ ಇಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬೇಡ. ಪಿವಿಸಿ ಚೀಲವಂತೂ ಕಾಲಕ್ರಮದಲ್ಲಿ ಆಮ್ಲದ ಆವಿಯನ್ನೇ ಬಿಡುತ್ತದೆ. ಬೆಳ್ಳಿ ಕಪ್ಪಾಗದಿರಲೆಂದು ಪೆಟ್ಟಿಗೆಗೆ ಹಾಕುವ ಸಿಲಿಕಾ ಜೆಲ್ ಪೊಟ್ಟಣವನ್ನು ಮುತ್ತಿನಿಂದ ದೂರವಿಡಿ, ಅದು ಹೀರುವುದು ತೇವವನ್ನು. ಲಾಕರಿನಲ್ಲಿ ಇಡಲೇಬೇಕಾದರೆ ಕೆಲವು ತಿಂಗಳಿಗೊಮ್ಮೆ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ಒಂದು ದಿನ ತೊಟ್ಟು ಮತ್ತೆ ಇಡಿ.

ಮರದ ಪೆಟ್ಟಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದು ಹೆಚ್ಚಿನವರಿಗೆ ತಿಳಿದಿಲ್ಲ. ವಸ್ತುಸಂಗ್ರಹಾಲಯಗಳ ಬೀರುಗಳಲ್ಲಿಟ್ಟ ಕಪ್ಪೆಚಿಪ್ಪುಗಳ ಮೇಲೆ ಬಿಳಿ ಬೂಷ್ಟಿನಂಥ ಪುಡಿ ಏಳುವುದನ್ನು ಬೈನ್ ಎಂಬ ಸಂಗ್ರಹಕಾರರು 1899ರಲ್ಲಿ ವಿವರಿಸಿದರು. ಅದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ಅವರು ಭಾವಿಸಿದ್ದರು, ಇಂದಿಗೂ ಅದನ್ನು ‘ಬೈನ್ ರೋಗ’ ಎಂದೇ ಕರೆಯುತ್ತಾರೆ. ನಿಜದಲ್ಲಿ ಅದು ರೋಗವೇ ಅಲ್ಲ. ಓಕ್‌ನಂಥ ಮರ ಬಿಡುವ ಅಸಿಟಿಕ್ ಆಮ್ಲದ ಆವಿ ಚಿಪ್ಪಿನ ಸುಣ್ಣದೊಂದಿಗೆ ಸೇರಿ ಲವಣವಾಗುತ್ತದೆ. ಮುತ್ತು, ಚಿಪ್ಪು ಎರಡೂ ಒಂದೇ ಸುಣ್ಣ. ಹೊಸ ಮರದ ಪೆಟ್ಟಿಗೆ, ಮರದ ಪುಡಿ ಒತ್ತಿ ಮಾಡಿದ ಹಲಗೆಯ ಬೀರು, ಹೊಸ ವಾರ್ನಿಶ್ ಬಳಿದ ಡ್ರಾಯರ್ ಇವುಗಳೊಳಗೆ ಮುತ್ತನ್ನು ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಪೆಟ್ಟಿಗೆ ತೆರೆದಾಗ ಹುಳಿವಾಸನೆ ಬಂದರೆ ಅದೇ ಎಚ್ಚರಿಕೆ.

ಕಿಟಕಿಯ ಬಿಸಿಲು, ದೀಪದ ಕೆಳಗಿನ ಪ್ರದರ್ಶನ ಪೆಟ್ಟಿಗೆ, ಬಿಸಿಲಲ್ಲಿ ನಿಲ್ಲಿಸಿದ ಕಾರು ಇವೆಲ್ಲ ಒಣಗಿಸುವ ಜಾಗಗಳೇ. ಬಣ್ಣ ಹಾಕಿದ ಮುತ್ತಾದರೆ ಬಣ್ಣವೂ ಮಾಸುತ್ತದೆ.

ಹಾಳಾದ ಮೇಲೆ

ಮೇಲೆ ಕೂತ ಪೊರೆಯಿಂದ ಮಂಕಾಗಿದ್ದರೆ ಮೇಲೆ ಹೇಳಿದಂತೆ ತೊಳೆದಾಗ ಹೊಳಪು ಮರಳುತ್ತದೆ. ತೊಳೆದು ಆರಿದ ಮೇಲೂ ಬಳಪದಂತೆ ಕಂಡರೆ ಹೊದಿಕೆಯೇ ಸವೆದಿದೆ. ಇಂಥದ್ದಕ್ಕೆ ಪಾಲಿಶ್ ಮಾಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ದಪ್ಪ ಹೊದಿಕೆಯ ಮುತ್ತಿನಲ್ಲಿ ನುರಿತ ಕೈ ಮೇಲಿನ ಪದರ ತೆಗೆದು ಕೆಳಗಿನದ್ದನ್ನು ಹೊರತರಬಹುದು, ಆದರೆ ಕೆಳಗೆ ಚೆಂದದ ಪದರವೇ ಇದೆ ಎಂಬ ಭರವಸೆ ಯಾರೂ ಕೊಡಲಾರರು. ಅಕೋಯಾದಂಥ ತೆಳು ಹೊದಿಕೆಗೆ ಇದನ್ನು ಮಾಡಿಸಲೇಬಾರದು, ಒಳಗಿನ ಗುಂಡು ಹೊರಗೆ ಬರುತ್ತದೆ. ವಯಸ್ಸಿಗೆ ಬಂದ ಹಳದಿಯನ್ನು ಪೆರಾಕ್ಸೈಡಿನಲ್ಲಿ ನೆನೆಸಿ ಬಿಳಿ ಮಾಡುವ ಪ್ರಯತ್ನವೂ ಅಷ್ಟೇ ಅಪಾಯ. ಕಾರ್ಖಾನೆಯಲ್ಲಿ ಹದ ನೋಡಿಕೊಂಡು ಮಾಡುವ ಕೆಲಸವನ್ನು ಬಟ್ಟಲಲ್ಲಿ ಮಾಡಿದರೆ ಪ್ರೋಟೀನ್ ಕರಗಿ ಮುತ್ತು ಪುಡಿಪುಡಿಯಾಗುತ್ತದೆ. ಆ ಹಳದಿಯನ್ನು ಹಾಗೇ ಒಪ್ಪಿಕೊಂಡು ತೊಡುವುದು ವಾಸಿ, ಅದಕ್ಕೂ ಒಂದು ಚೆಲುವಿದೆ.

ಸರದಲ್ಲಿ ಒಂದೆರಡು ಮುತ್ತು ಮಾತ್ರ ಕೆಟ್ಟಿದ್ದರೆ ಹೊಸ ದಾರ ಹಾಕಿಸುವಾಗ ಅವನ್ನು ತೆಗೆಸಿ. ಬದಲಿಗೆ ಹೊಸದನ್ನು ಸೇರಿಸುವುದಾದರೆ ಗಾತ್ರ, ಬಣ್ಣ, ಹೊಳಪು ಮೂರೂ ಹಗಲಿನ ಬೆಳಕಿನಲ್ಲಿ ಹೊಂದಬೇಕು. ಹೊಂದದಿದ್ದರೆ ಕೊಂಡಿಯ ಹತ್ತಿರ ಹಾಕಿಸಿ, ಕೂದಲ ಕೆಳಗೆ ಕಾಣುವುದಿಲ್ಲ. ಪೋಣಿಸಲು ಕೊಡುವ ಮೊದಲು ಸರವನ್ನು ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೊ ತೆಗೆದಿಡಿ, ಮುತ್ತುಗಳನ್ನು ಎಣಿಸಿ ರಸೀದಿಯಲ್ಲಿ ಬರೆಸಿ. ನಡುವಿನ ಮುತ್ತು ದೊಡ್ಡದಾಗಿ ಇಕ್ಕೆಲಕ್ಕೂ ಕಿರಿದಾಗುತ್ತಾ ಹೋಗುವ ಸರವಾದರೆ ಕ್ರಮ ಬದಲಿಸಬಾರದೆಂದು ಹೇಳಿ. ಮರಳಿ ಪಡೆಯುವಾಗ ಅಲ್ಲೇ ಎಣಿಸಿ, ಎರಡೂ ತುದಿ ಹಿಡಿದು ನೇರ ಮಾಡಿ ನೋಡಿ. ಹೊಸ ದಾರದ ಸರ ಮೊದಲ ಕೆಲವು ದಿನ ಸ್ವಲ್ಪ ಬಿಗಿಯಾಗಿ, ಗಡುಸಾಗಿ ಇರುತ್ತದೆ. ಎಳೆದು ಸಡಿಲ ಮಾಡಲು ಹೋಗಬೇಡಿ, ತೊಡುತ್ತಾ ತಾನೇ ಇಳಿಯುತ್ತದೆ.